ನಷ್ಟ ಯಾರದು? — ‘೧೮೩೦’ ಎಂಬ ರೈಲ್ವೆ ಆಟದ ವಿಮರ್ಶೆ

೧

ಒಂದು ಮಣೆಯಾಟವನ್ನು ವಿಮರ್ಶೆಯ ವಿಷಯವಾಗಿ ಎತ್ತಿಕೊಳ್ಳುವುದು ಈ ಸಂಚಿಕೆಯ ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಕಾವ್ಯ ನಾಟಕಗಳನ್ನು ಕುರಿತು ಬರೆಯುವ ಲೇಖನಿ ಆಟದ ಹಲಗೆಗೆ ಇಳಿಯಬೇಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ನಮ್ಮ ಸಾಹಿತ್ಯ ಆಟವನ್ನು ಎಂದೂ ಹಗುರವಾಗಿ ಕಂಡಿಲ್ಲ. ಭಾರತದ ಕಥೆಯ ಗತಿ ತಿರುಗುವುದು ಒಂದು ಪಗಡೆಯ ಹಾಸಿನ ಮೇಲೆ. ಸಭಾಪರ್ವದಲ್ಲಿ ದ್ರೌಪದಿ ಎತ್ತುವ ಪ್ರಶ್ನೆ, ಎಂದರೆ ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕೆ ಒಡ್ಡುವ ಅಧಿಕಾರ ಎಲ್ಲಿಂದ ಬಂತು ಎಂಬುದು, ಆಟದ ನಿಯಮವನ್ನು ಕುರಿತ ಪ್ರಶ್ನೆಯೂ ಹೌದು, ಧರ್ಮವನ್ನು ಕುರಿತ ಪ್ರಶ್ನೆಯೂ ಹೌದು. ಆ ಸಭೆಯಲ್ಲಿ ಅದಕ್ಕೆ ಉತ್ತರ ಹೇಳಬಲ್ಲವರು ಸಿಕ್ಕಲಿಲ್ಲ. ಆಡಿದವನೊಬ್ಬ, ಕಳೆದುಕೊಂಡವರು ಮತ್ತೊಬ್ಬರು ಎಂಬ ಸಂಕಟ ಅಲ್ಲಿಗೆ ಮುಗಿದುಹೋಗಲೂ ಇಲ್ಲ. ಅದು ರೂಪವನ್ನು ಬದಲಾಯಿಸಿಕೊಂಡು ನಮ್ಮ ಕಾಲದ ಕಂಪೆನಿ ವ್ಯವಹಾರಗಳವರೆಗೂ ನಡೆದು ಬಂದಿದೆ.

ಪ್ರಕೃತ ಲೇಖನದ ವಸ್ತು ‘೧೮೩೦’ ಎಂಬ ಹೆಸರಿನ ಆಟ. ಅಮೆರಿಕದ ಈಶಾನ್ಯ ಭಾಗದಲ್ಲಿ ರೈಲ್ವೆ ಕಂಪೆನಿಗಳನ್ನು ಕಟ್ಟಿ, ನಡೆಸಿ, ಅನೇಕ ವೇಳೆ ಕೆಡಿಸಿ ಹಣ ಗಳಿಸಿದವರ ಕಥೆ ಅದರ ವಸ್ತು. ಅದನ್ನು ಅಮೆರಿಕದ ಒಂದು ಊರಿನಲ್ಲಿ ನಡೆದ ಆಟಗಾರರ ಸಮ್ಮೇಳನವೊಂದರಲ್ಲಿ ಆಡುವ ಅವಕಾಶ ಈ ಲೇಖಕನಿಗೆ ಒದಗಿತು. ಆಡಿದ ಮೇಲೆ ಉಳಿದ ಪ್ರಶ್ನೆ ಒಂದೇ: ಒಂದು ಉದ್ಯಮ ಮುಳುಗಿದಾಗ ಅದರ ನಷ್ಟ ಯಾರದು? ಈ ಪ್ರಶ್ನೆಗೆ ಆಟ ಕೊಡುವ ಉತ್ತರ ಒಂದು, ಇತಿಹಾಸ ಕೊಟ್ಟ ಉತ್ತರ ಇನ್ನೊಂದು. ಇವೆರಡರ ನಡುವಣ ಅಂತರದಲ್ಲಿಯೇ ಈ ಕೃತಿಯ ಬೆಲೆಯೂ ಅದರ ಕೊರತೆಯೂ ಅಡಗಿವೆ ಎಂಬುದು ನನ್ನ ಅಭಿಪ್ರಾಯ.

೨

ರೈಲ್ವೆಯನ್ನು ವಸ್ತುವಾಗಿ ಉಳ್ಳ ಆಟಗಳು ಹಲವು. ಅಮೆರಿಕದ ಲಿಜಿ ಮ್ಯಾಗಿ ಎಂಬ ಮಹಿಳೆ ೧೯೦೪ರಲ್ಲಿ ಪೇಟೆಂಟು ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ನಲ್ಲಿ ಆಗಲೇ ರೈಲು ಇತ್ತು. ಅದರ ವಂಶದಲ್ಲಿ ಹುಟ್ಟಿ ೧೯೩೫ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆ ಪ್ರಕಟಿಸಿದ ‘ಮೊನಾಪಲಿ’ಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅಲ್ಲಿ ರೈಲ್ವೆಯೆಂದರೆ ಬಾಡಿಗೆ ತರುವ ಸೊತ್ತು ಅಷ್ಟೆ, ಉಳಿದದ್ದನ್ನೆಲ್ಲ ದಾಳ ನಿಶ್ಚಯಿಸುತ್ತದೆ. ಅಲನ್ ಮೂನ್ ಎಂಬವರು ರಚಿಸಿ ೨೦೦೪ರಲ್ಲಿ ಜರ್ಮನಿಯ ವರ್ಷದ ಆಟವೆಂಬ ಪುರಸ್ಕಾರ ಪಡೆದ ‘ಟಿಕೆಟ್ ಟು ರೈಡ್’ ಬಹು ಸೊಗಸಾದ ಆಟ. ಊರಿನಿಂದ ಊರಿಗೆ ಹಳಿ ಜೋಡಿಸುವ ಸಂತೋಷ ಅದರಲ್ಲಿ ಪೂರ್ಣವಾಗಿದೆ. ಆದರೆ ಹಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ಆ ಪ್ರಶ್ನೆಯನ್ನು ಆಟದ ನಡುಮಧ್ಯಕ್ಕೆ ತಂದವರು ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಾಮ್. ೧೯೭೪ರಲ್ಲಿ ಅವರ ‘೧೮೨೯’ ಪ್ರಕಟವಾಯಿತು. ಬ್ರಿಟಿಷ್ ರೈಲ್ವೆಗಳ ಆರಂಭಕಾಲ ಅದರ ಭೂಮಿಕೆ. ೧೯೮೬ರಲ್ಲಿ ಅವರ ‘೧೮೩೦’ ಅಮೆರಿಕದ ಅವಲಾನ್ ಹಿಲ್ ಸಂಸ್ಥೆಯಿಂದ ಹೊರಬಂದಿತು. ‘ರೈಲುಗಳ ಮತ್ತು ದರೋಡೆ ಪ್ರಭುಗಳ ಆಟ’ ಎಂಬ ಅರ್ಥದ ಉಪಶೀರ್ಷಿಕೆ ಅದಕ್ಕಿದೆ. ಈ ಎರಡು ಆಟಗಳ ಜಾಡಿನಲ್ಲಿ ಬೇರೆ ಬೇರೆ ದೇಶಗಳ ಭೂಪಟಗಳ ಮೇಲೆ ನೂರಾರು ಆಟಗಳು ರಚಿತವಾಗಿ, ಎಲ್ಲಕ್ಕೂ ಸೇರಿ ‘೧೮-ಎಕ್ಸ್-ಎಕ್ಸ್’ ಎಂಬ ಕುಲನಾಮವೇ ಬಿದ್ದಿದೆ. ‘೧೮೩೦’ರ ಪ್ರಕಟಣೆಗೆ ಅವಲಾನ್ ಹಿಲ್ಲಿನಲ್ಲಿ ಶ್ರಮಿಸಿದ ಬ್ರೂಸ್ ಶೆಲ್ಲಿಯವರು ಮುಂದೆ ಸಿಡ್ ಮೈಯರ್ ಅವರೊಡನೆ ‘ರೈಲ್‌ರೋಡ್ ಟೈಕೂನ್’ ಎಂಬ ಗಣಕಯಂತ್ರದ ಆಟವನ್ನು ೧೯೯೦ರಲ್ಲಿ ಸಿದ್ಧಪಡಿಸಿದರು. ಟ್ರೆಶಾಮ್ ಅವರು ೨೦೧೯ರಲ್ಲಿ ತೀರಿಕೊಂಡರು.

ಆಟದ ವಿನ್ಯಾಸವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ೨,೪೦೦ ಡಾಲರುಗಳನ್ನು ಆಟಗಾರರು ಸಮವಾಗಿ ಹಂಚಿಕೊಂಡು ಆರಂಭಿಸುತ್ತಾರೆ. ದಾಳವಿಲ್ಲ, ಎಲೆಗಳನ್ನು ಕಲಸುವುದಿಲ್ಲ. ಕುಳಿತುಕೊಳ್ಳುವ ಸರದಿ ಗೊತ್ತಾದ ಮೇಲೆ ಅದೃಷ್ಟಕ್ಕೆ ಸ್ಥಳವೇ ಇಲ್ಲ. ಮೊದಲು ಆರು ಸಣ್ಣ ಖಾಸಗಿ ಸಂಸ್ಥೆಗಳು ಮಾರಾಟವಾಗುತ್ತವೆ. ಬಳಿಕ ಪೆನ್ಸಿಲ್ವೇನಿಯ, ನ್ಯೂಯಾರ್ಕ್ ಸೆಂಟ್ರಲ್, ಈರಿ, ಬಾಲ್ಟಿಮೋರ್ ಮತ್ತು ಒಹಾಯೋ ಮೊದಲಾದ ಎಂಟು ದೊಡ್ಡ ಕಂಪೆನಿಗಳ ಷೇರುಗಳು ಪೇಟೆಗೆ ಬರುತ್ತವೆ. ಒಂದು ಕಂಪೆನಿಯ ಷೇರುಗಳಲ್ಲಿ ನೂರಕ್ಕೆ ಅರವತ್ತು ಭಾಗ ಮಾರಾಟವಾದರೆ ಅದು ಕೆಲಸ ಆರಂಭಿಸುತ್ತದೆ. ಯಾರ ಕೈಯಲ್ಲಿ ಹೆಚ್ಚು ಷೇರು ಇದೆಯೋ ಅವನು ಅಧ್ಯಕ್ಷ. ಹಳಿ ಎಲ್ಲಿ ಹಾಕಬೇಕು, ರೈಲು ಯಾವುದನ್ನು ಕೊಳ್ಳಬೇಕು, ಗಳಿಕೆಯನ್ನು ಲಾಭಾಂಶವಾಗಿ ಹಂಚಬೇಕೆ ಅಥವಾ ಬೊಕ್ಕಸದಲ್ಲಿ ಇಟ್ಟುಕೊಳ್ಳಬೇಕೆ ಎಂಬುದೆಲ್ಲ ಅವನೊಬ್ಬನ ಇಷ್ಟ. ಹಂಚಿದರೆ ಷೇರಿನ ಬೆಲೆ ಏರುತ್ತದೆ, ಇಟ್ಟುಕೊಂಡರೆ ಇಳಿಯುತ್ತದೆ.

ಇಲ್ಲಿ ಎರಡು ನಿಯಮಗಳನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ರೈಲುಗಳ ಮುಪ್ಪು. ೮೦ ಡಾಲರಿನ ಎರಡರ ರೈಲಿನಿಂದ ಹಿಡಿದು ೧,೧೦೦ ಡಾಲರಿನ ಡೀಸೆಲ್‌ವರೆಗೆ ಆರು ತರಗತಿಯ ರೈಲುಗಳಿವೆ. ಯಾರಾದರೂ ನಾಲ್ಕರ ರೈಲನ್ನು ಮೊದಲ ಸಲ ಕೊಂಡ ಕ್ಷಣದಲ್ಲಿಯೇ ಎಲ್ಲರ ಎರಡರ ರೈಲುಗಳೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಆರರ ರೈಲು ಬಂದರೆ ಮೂರರವು, ಡೀಸೆಲ್ ಬಂದರೆ ನಾಲ್ಕರವು ಅದೇ ಗತಿಯನ್ನು ಕಾಣುತ್ತವೆ. ಆಟಗಾರರು ಇದನ್ನು ತುಕ್ಕು ಹಿಡಿಯುವುದು ಎನ್ನುತ್ತಾರೆ. ಎರಡನೆಯದು, ಅಧ್ಯಕ್ಷನ ಹೊಣೆ. ಓಡಿಸಲು ಹಳಿ ಇರುವ ಕಂಪೆನಿಯ ಬಳಿ ರೈಲು ಇರಲೇಬೇಕು. ಕೊಳ್ಳಲು ಬೊಕ್ಕಸದಲ್ಲಿ ಹಣ ಸಾಲದಿದ್ದರೆ ಅಧ್ಯಕ್ಷನು ತನ್ನ ಸ್ವಂತ ಜೇಬಿನಿಂದ ತುಂಬಿಕೊಡಬೇಕು. ಜೇಬಿನಲ್ಲಿ ಇಲ್ಲದಿದ್ದರೆ ತನ್ನ ಇತರ ಷೇರುಗಳನ್ನು ಮಾರಬೇಕು. ಅದೂ ಸಾಲದಿದ್ದರೆ ಅವನು ದಿವಾಳಿ. ಆಟ ಅಲ್ಲಿಗೆ ಮುಗಿಯಿತು. ಕೊನೆಗೆ ಗೆಲ್ಲುವವನು ಯಾರೆಂದರೆ ಅತ್ಯಂತ ಹೆಚ್ಚಿನ ವೈಯಕ್ತಿಕ ಸಂಪತ್ತು ಉಳ್ಳವನು. ಕಂಪೆನಿಯ ಬೊಕ್ಕಸದ ಹಣ ಆ ಲೆಕ್ಕಕ್ಕೆ ಸೇರುವುದಿಲ್ಲ.

೩

ಇಂಥ ಆಟಕ್ಕೆ ಮನೆಯ ಜಗಲಿ ಸಾಲದು. ಐದಾರು ಗಂಟೆಗಳ ಬಿಡುವು, ನಾಲ್ಕೈದು ಮಂದಿ ಸಮಾನಾಸಕ್ತರು ಬೇಕು. ಆದುದರಿಂದಲೇ ಇದು ಸಮ್ಮೇಳನಗಳ ಆಟವಾಗಿ ಬೆಳೆದಿದೆ. ಜರ್ಮನಿಯ ಎಸೆನ್ ನಗರದಲ್ಲಿ ೧೯೮೩ರಿಂದ ನಡೆದು ಬಂದಿರುವ ದೊಡ್ಡ ಆಟಗಳ ಜಾತ್ರೆಯ ಹೆಸರನ್ನು ಹಲವರು ಕೇಳಿರಬಹುದು. ಅಮೆರಿಕದ ಟೆನೆಸಿ ಪ್ರಾಂತದ ಚಟನೂಗದಲ್ಲಿ ಈ ಕುಲದ ಆಟಗಳಿಗೆಂದೇ ಸಮ್ಮೇಳನಗಳು ನಡೆದಿವೆ. ನಾನು ಕಂಡದ್ದು ಇವುಗಳಿಗಿಂತ ತೀರ ಚಿಕ್ಕದಾದ ಒಂದು ಕೂಟ. ಮದುವೆಯ ಛತ್ರದಂಥ ಒಂದು ಹಜಾರ, ಉದ್ದುದ್ದ ಮೇಜುಗಳು, ಮೇಜಿನ ಮೇಲೆ ಷಟ್ಕೋನದ ಮನೆಗಳ ಭೂಪಟ. ಪೆಟ್ಟಿಗೆಯೊಡನೆ ಬಂದ ಕಾಗದದ ನೋಟುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಎಣಿಸಲು ಸುಲಭವೆಂದು ಪೋಕರ್ ಆಟದ ಬಿಲ್ಲೆಗಳನ್ನು ಹಣವಾಗಿ ಬಳಸುತ್ತಿದ್ದರು. ಅಷ್ಟು ಮಂದಿ ಸೇರಿದ್ದರೂ ಗದ್ದಲವಿರಲಿಲ್ಲ. ಬಿಲ್ಲೆಗಳ ಸದ್ದು, ಲೆಕ್ಕ ಹಾಕುವವರ ಪಿಸುಮಾತು, ಇಷ್ಟೇ. ಪರೀಕ್ಷೆಯ ಕೊಠಡಿಯನ್ನು ಅದು ನೆನಪಿಗೆ ತಂದಿತು.

ನಮ್ಮ ಮೇಜಿನಲ್ಲಿ ಐವರಿದ್ದೆವು; ತಲೆಗೆ ೪೮೦ ಡಾಲರಿನ ಬಂಡವಾಳ. ನನ್ನ ಎಡಗಡೆಯ ಗೃಹಸ್ಥರು ವಯಸ್ಸಾದವರು, ಮಿತಭಾಷಿಗಳು, ನಿಯಮ ತಿಳಿಯದೆ ನಾನು ತಡವರಿಸಿದಾಗಲೆಲ್ಲ ತಾಳ್ಮೆಯಿಂದ ವಿವರಿಸಿದವರು. ಅವರು ನ್ಯೂಯಾರ್ಕ್ ಸೆಂಟ್ರಲ್ ಮತ್ತು ಈರಿ ಎಂಬ ಎರಡು ಕಂಪೆನಿಗಳಿಗೆ ಅಧ್ಯಕ್ಷರಾಗಿದ್ದರು. ಈರಿಯ ಷೇರುಗಳಲ್ಲಿ ನೂರಕ್ಕೆ ಐವತ್ತು ಅವರವು, ಮೂವತ್ತು ನನ್ನವು. ಉಳಿದ ಇಪ್ಪತ್ತು ಮಾರಾಟಕ್ಕೆ ಬಂದು ಪೇಟೆಯಲ್ಲಿ ಬಿದ್ದಿದ್ದುವು. ಲಾಭಾಂಶ ಚೆನ್ನಾಗಿ ಬರುತ್ತಿತ್ತು. ಆ ಷೇರುಗಳನ್ನು ಕೊಂಡ ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಆಟದ ಮೂರನೆಯ ಪಾದದಲ್ಲಿ ಆ ಗೃಹಸ್ಥರು ಈರಿಯ ಬಳಿ ಇದ್ದ ಒಂದೇ ಒಂದು ರೈಲನ್ನು, ಎಂದೂ ತುಕ್ಕು ಹಿಡಿಯದ ಐದರ ರೈಲನ್ನು, ತಮ್ಮ ನ್ಯೂಯಾರ್ಕ್ ಸೆಂಟ್ರಲ್‌ಗೆ ಒಂದು ಡಾಲರಿಗೆ ಮಾರಿದರು. ಕಂಪೆನಿಗಳು ತಮ್ಮತಮ್ಮೊಳಗೆ ಒಪ್ಪಿದ ಬೆಲೆಗೆ ರೈಲು ಮಾರಿಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಮಾರುವವರೂ ಕೊಳ್ಳುವವರೂ ಒಬ್ಬರೇ ಆದಾಗ ಒಪ್ಪಿಗೆಗೆ ಅಡ್ಡಿಯೇನು? ಮುಂದಿನ ಷೇರುಪೇಟೆಯ ಸುತ್ತಿನಲ್ಲಿ ಅವರು ಈರಿಯ ಮೂರು ಷೇರುಗಳನ್ನು ಮಾರಿಬಿಟ್ಟರು. ಅವರಲ್ಲಿ ಇಪ್ಪತ್ತು ಉಳಿಯಿತು, ನನ್ನಲ್ಲಿ ಮೂವತ್ತಿತ್ತು. ಅಧ್ಯಕ್ಷಪತ್ರವನ್ನು ಅವರು ನನ್ನ ಮುಂದೆ ಮೆಲ್ಲನೆ ಸರಿಸಿದರು. ನಾನೂ ಮಾರಿ ಪಾರಾಗೋಣವೆಂದರೆ, ಒಂದು ಕಂಪೆನಿಯ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೇಟೆಯಲ್ಲಿ ಬಿದ್ದಿರಬಾರದೆಂಬ ಮಿತಿ ಇದೆ. ಆ ಮಿತಿ ಅವರ ಮಾರಾಟದಿಂದಲೇ ತುಂಬಿಹೋಗಿತ್ತು. ಈರಿಯ ಬೊಕ್ಕಸದಲ್ಲಿ ೪೦ ಡಾಲರ್ ಇತ್ತು. ಮಾರಾಟಕ್ಕೆ ಉಳಿದಿದ್ದ ರೈಲು ಆರರದು, ಅದರ ಬೆಲೆ ೬೩೦. ಉಳಿದ ೫೯೦ನ್ನು ನಾನು ಕೊಡಬೇಕಾಯಿತು. ಇದ್ದ ಹಣವನ್ನೆಲ್ಲ ಕೊಟ್ಟು, ಒಳ್ಳೆಯ ಷೇರುಗಳನ್ನು ಬಿದ್ದ ಬೆಲೆಗೆ ಮಾರಿದೆ. ನಾನು ಆರರ ರೈಲನ್ನು ಕೊಂಡೊಡನೆ ಮೇಜಿನ ಮೇಲಿದ್ದ ಮೂರರ ರೈಲುಗಳೆಲ್ಲ ತುಕ್ಕು ಹಿಡಿದುವು. ನನಗೆ ಯಾವ ಕೇಡನ್ನೂ ಮಾಡದಿದ್ದ ಇಬ್ಬರ ಕಂಪೆನಿಗಳು ನನ್ನ ಸಂಕಟದ ದೆಸೆಯಿಂದ ಬರಿಗೈಯಾದುವು. ಆಟ ಮುಗಿದಾಗ ಐವರಲ್ಲಿ ನಾನು ಐದನೆಯವನು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ವರದಿ ಪ್ರಾಮಾಣಿಕವಾಗದು. ಇದಕ್ಕೆ ಎರಡು ಗಂಟೆಗಳ ಮುಂಚೆ ನಾನು ೭೦ ಡಾಲರಿಗೆ ಕೊಂಡಿದ್ದ ಒಂದು ಖಾಸಗಿ ಸಂಸ್ಥೆಯನ್ನು, ನಾನೇ ಅಧ್ಯಕ್ಷನಾಗಿದ್ದ ಪೆನ್ಸಿಲ್ವೇನಿಯ ಕಂಪೆನಿಗೆ ೧೪೦ ಡಾಲರಿಗೆ ಮಾರಿದ್ದೆ. ಇಮ್ಮಡಿ ಬೆಲೆಯವರೆಗೆ ಮಾರಬಹುದೆಂದು ನಿಯಮವಿದೆ. ಆ ಕಂಪೆನಿಯಲ್ಲಿ ಇತರರ ಪಾಲೂ ಇತ್ತೆಂಬುದು ಆಗ ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ. ನನ್ನದು ಜಾಣತನ, ಅವರದು ಮೋಸ ಎಂಬ ಭಾವನೆ ಎಷ್ಟು ಸಲೀಸಾಗಿ ಬಂದು ಕುಳಿತಿತ್ತೆಂಬುದನ್ನು ಆ ರಾತ್ರಿ ಯೋಚಿಸಿದೆ.

೪

ಇನ್ನು ಕೃತಿಯ ತಾತ್ಪರ್ಯವೇನೆಂದು ವಿಚಾರಿಸೋಣ. ಈರಿ ಎಂಬ ಹೆಸರು ಸುಮ್ಮನೆ ಬಂದುದಲ್ಲ. ೧೮೬೮ರಲ್ಲಿ ಆ ಕಂಪೆನಿಯ ಒಡೆತನಕ್ಕಾಗಿ ಕಾರ್ನೀಲಿಯಸ್ ವಾಂಡರ್ಬಿಲ್ಟ್ ಒಂದು ಕಡೆ, ಡೇನಿಯಲ್ ಡ್ರೂ, ಜೇ ಗೌಲ್ಡ್, ಜಿಮ್ ಫಿಸ್ಕ್ ಮತ್ತೊಂದು ಕಡೆ ನಿಂತು ಕಾದಾಡಿದರು. ವಾಂಡರ್ಬಿಲ್ಟ್ ಷೇರು ಕೊಳ್ಳುತ್ತಹೋದಂತೆಲ್ಲ ಇವರು ಹೊಸ ಷೇರುಗಳನ್ನು ಅಚ್ಚು ಹಾಕಿಸಿ ಪೇಟೆಗೆ ಬಿಡುತ್ತಹೋದರು. ಬಂಧನದ ಆಜ್ಞೆ ಹೊರಟಾಗ ಹಡ್ಸನ್ ನದಿಯನ್ನು ದಾಟಿ ಜರ್ಸಿ ಸಿಟಿಗೆ ಓಡಿದರು. ಶಾಸನಸಭೆಯ ಸದಸ್ಯರಿಗೆ ಹಣ ಹಂಚಿ ತಮಗೆ ಬೇಕಾದಂತೆ ಕಾನೂನು ಮಾಡಿಸಿಕೊಂಡರು. ಈ ಕಥೆಯನ್ನು ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಮರುವರ್ಷವೇ ಬರೆದು ಪ್ರಕಟಿಸಿದರು. ಕಂಪೆನಿ ೧೮೭೫ರಲ್ಲಿ ದಿವಾಳಿಯಾಯಿತು. ಡ್ರೂ ಕೂಡ ಕೊನೆಗೆ ದಿವಾಳಿಯಾದನು. ಆದರೆ ಗೌಲ್ಡ್ ೧೮೯೨ರಲ್ಲಿ ಸತ್ತಾಗ ದೇಶದ ಮಹಾಶ್ರೀಮಂತರಲ್ಲಿ ಒಬ್ಬ. ಕಂಪೆನಿ ಬೇರೆ, ಅದನ್ನು ನಡೆಸಿದವನ ಮನೆ ಬೇರೆ. ಪಾಲುದಾರನ ಹೊಣೆ ಅವನು ಹಾಕಿದ ಹಣಕ್ಕೆ ಸೀಮಿತವೆಂಬ ನ್ಯಾಯವೇ ಕಂಪೆನಿ ವ್ಯವಸ್ಥೆಯ ಆಧಾರ. ಆ ನ್ಯಾಯವಿಲ್ಲದೆ ಸಾಮಾನ್ಯ ಜನ ರೈಲಿಗೆ ಹಣ ಹಾಕುತ್ತಿರಲಿಲ್ಲವೆಂಬುದೂ ನಿಜ.

ಟ್ರೆಶಾಮ್ ಅವರ ಆಟ ಈ ಕಡೆಯಲ್ಲಿ ಇತಿಹಾಸವನ್ನು ಅನುಸರಿಸುವುದಿಲ್ಲ. ಕಂಪೆನಿಯ ಕೊರತೆಯನ್ನು ಅಧ್ಯಕ್ಷನ ಜೇಬಿಗೆ ಕಟ್ಟುವ ನಿಯಮ ಗೌಲ್ಡನ ಕಾಲದ ಕಾನೂನಿನಲ್ಲಿ ಇರಲಿಲ್ಲ. ಅದು ಕೃತಿಕಾರನ ಕಲ್ಪನೆ. ಮೊದಲ ನೋಟಕ್ಕೆ ಇದು ಕಾವ್ಯನ್ಯಾಯದಂತೆ ತೋರುತ್ತದೆ: ಲೋಕದಲ್ಲಿ ತಪ್ಪಿಸಿಕೊಂಡವನಿಗೆ ಹಲಗೆಯ ಮೇಲಾದರೂ ಶಿಕ್ಷೆ. ಆದರೆ ಆಡಿ ನೋಡಿದವನಿಗೆ ಹಾಗೆ ತೋರುವುದಿಲ್ಲ. ಶಿಕ್ಷೆ ಬೀಳುವುದು ಕಂಪೆನಿಯನ್ನು ಬರಿದು ಮಾಡಿದವನ ಮೇಲಲ್ಲ, ರೈಲು ಕೊಳ್ಳಬೇಕಾದ ಗಳಿಗೆಯಲ್ಲಿ ಅಧ್ಯಕ್ಷಪತ್ರ ಯಾರ ಮುಂದಿದೆಯೋ ಅವನ ಮೇಲೆ. ನಷ್ಟಕ್ಕೆ ಒಬ್ಬ ಮನುಷ್ಯ ಬೇಕೇಬೇಕು, ಅದು ಗಾಳಿಯಲ್ಲಿ ಕರಗುವುದಿಲ್ಲ ಎಂದು ಆಟ ಹೇಳುತ್ತದೆ. ಆ ಮನುಷ್ಯ ತಾನಾಗದಂತೆ ನೋಡಿಕೊಳ್ಳುವುದೇ ಚಾತುರ್ಯ ಎಂದೂ ಹೇಳುತ್ತದೆ. ಈ ಎರಡು ಮಾತುಗಳೂ ಕೂಡಿಯೇ ಕೃತಿಯ ದರ್ಶನ.

ಇದು ಕೇವಲ ಆಟದ ಬಿಗಿಗಾಗಿ ಮಾಡಿದ ನಿಯಮ, ಇದರಲ್ಲಿ ನೀತಿಯನ್ನು ಹುಡುಕುವುದು ಸಲ್ಲದು ಎಂದು ಆಕ್ಷೇಪಿಸಬಹುದು. ಕೃತಿಕಾರನ ಉದ್ದೇಶ ಅಷ್ಟೇ ಇದ್ದಿರಲೂಬಹುದು. ಆದರೆ ಛಂದಸ್ಸಿನ ಕಟ್ಟು ಕಿವಿಗಾಗಿ ಹುಟ್ಟಿದರೂ ಅರ್ಥಕ್ಕೆ ದುಡಿಯುವಂತೆ, ನಿಯಮದ ಕಟ್ಟೂ ಅರ್ಥವನ್ನು ಹೊರುತ್ತದೆ. ಕಾದಂಬರಿಯಲ್ಲಿ ಗೌಲ್ಡನ ಕಥೆಯನ್ನು ಓದುವವನು ದಂಡೆಯ ಮೇಲೆ ನಿಂತು ಅವನನ್ನು ಹಳಿಯಬಹುದು. ಆಟದಲ್ಲಿ ದಂಡೆಯೇ ಇಲ್ಲ. ಇಮ್ಮಡಿ ಬೆಲೆಗೆ ಮಾರಿದ ಕೈ ನನ್ನದೇ. ಸಾಹಿತ್ಯ ಪ್ರಕಾರಗಳಿಗೆ ಸುಲಭವಾಗಿ ದಕ್ಕದ ಈ ಬಗೆಯ ಆತ್ಮಪರಿಚಯವನ್ನು ಆಟವೊಂದು ಮಾಡಿಸಬಲ್ಲುದಾದರೆ ಅದನ್ನು ವಿಮರ್ಶೆಯ ಕಕ್ಷೆಯಿಂದ ಹೊರಗಿಡಲು ಕಾರಣ ಕಾಣುವುದಿಲ್ಲ.

೫

ಇನ್ನು ಕೊರತೆಯ ಮಾತು. ‘೧೮೩೦’ರಲ್ಲಿ ಹಳಿ ಹಾಕುವವನು ನೀರಿನ ಮನೆಗೆ ೮೦, ಬೆಟ್ಟದ ಮನೆಗೆ ೧೨೦ ಡಾಲರ್ ತೆರಬೇಕು. ಬಯಲು ನೆಲಕ್ಕೆ ಏನನ್ನೂ ತೆರಬೇಕಾಗಿಲ್ಲ. ಆ ನೆಲ ಯಾರದೋ ಆಗಿತ್ತು. ಅಲ್ಲಿ ಮೂಲನಿವಾಸಿಗಳಿದ್ದರು, ರೈತರಿದ್ದರು. ಹಲಗೆಯ ಮೇಲೆ ಅದು ಬರಿಯ ಷಟ್ಕೋನ. ಹಳಿ ಹೊತ್ತು ಹಾಸಿದ ಕೂಲಿಗಳಿಲ್ಲ. ಪ್ರಯಾಣಿಕರಂತೂ ಇಲ್ಲವೇ ಇಲ್ಲ. ಊರೆಂದರೆ ವೃತ್ತದೊಳಗೆ ಬರೆದ ಒಂದು ಅಂಕಿ. ನಷ್ಟಕ್ಕೆ ಒಬ್ಬ ಮನುಷ್ಯ ಬೇಕೆಂದು ಇಷ್ಟು ತೀಕ್ಷ್ಣವಾಗಿ ಕಾಣಿಸಿದ ಕೃತಿ, ಆ ಮನುಷ್ಯ ಮೇಜಿನ ಸುತ್ತ ಕುಳಿತವರಲ್ಲೇ ಒಬ್ಬನಿರಬೇಕೆಂದು ಭಾವಿಸಿಕೊಂಡಿದೆ. ನಮ್ಮ ದೇಶದ ಇತಿಹಾಸವನ್ನು ಬಲ್ಲವರಿಗೆ ಈ ಭಾವನೆ ತುಸು ಮುಗ್ಧವೆಂದು ತೋರದಿರದು.

ಟ್ರೆಶಾಮ್ ಅವರೇ ೧೯೮೯ರಲ್ಲಿ ‘೧೮೫೩’ ಎಂಬ ಆಟವನ್ನು ಪ್ರಕಟಿಸಿದರು. ಅದರ ಭೂಪಟ ಭಾರತ. ಅದರ ಹೆಸರು ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ವರ್ಷದ್ದು. ಹಣಕಾಸಿನವರ ಕಾಟದಿಂದ ಬೇಸತ್ತ ಎಂಜಿನಿಯರುಗಳಿಗಾಗಿ ಇದು ಎಂಬ ಅರ್ಥದ ವಿನೋದದ ಮಾತು ಅದರ ಶೀರ್ಷಿಕೆಗೆ ಅಂಟಿಕೊಂಡಿದೆ. ಎರಡು ಅಳತೆಯ ಹಳಿಗಳ ತೊಡಕನ್ನು ಅದು ಆಟಕ್ಕೆ ತಂದಿದೆ. ಬ್ರಾಡ್‌ಗೇಜ್ ಮೀಟರ್‌ಗೇಜುಗಳ ನಡುವೆ ಗಂಟುಮೂಟೆ ಇಳಿಸಿ ಏರಿಸಿದ ತಲೆಮಾರಿನವರಿಗೆ ಇದು ಎಷ್ಟು ದಿಟವೆಂದು ಹೇಳಬೇಕಾಗಿಲ್ಲ. ಷೇರುಪೇಟೆಯ ಕಾದಾಟವನ್ನು ಹಿಂದಕ್ಕೆ ಸರಿಸಿ ಹಳಿ ಕಟ್ಟುವ ಕೆಲಸವನ್ನು ಮುಂದಕ್ಕೆ ತಂದುದು ಭಾರತದ ಮಟ್ಟಿಗೆ ಒಂದು ಅರ್ಥದಲ್ಲಿ ಸರಿಯೇ. ಏಕೆಂದರೆ ಇಲ್ಲಿ ಹಣ ಹಾಕಿದವರಿಗೆ ಕಾದಾಡುವ ಅಗತ್ಯವೇ ಇರಲಿಲ್ಲ. ೧೮೪೯ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಗಳೊಡನೆ ಆದ ಕರಾರುಗಳ ಪ್ರಕಾರ ಬಂಡವಾಳಕ್ಕೆ ನೂರಕ್ಕೆ ಐದರಂತೆ ಆದಾಯದ ಭರವಸೆ ಇತ್ತು. ರೈಲು ಅಷ್ಟನ್ನು ಗಳಿಸದಿದ್ದರೆ ಕೊರತೆಯನ್ನು ಭಾರತದ ರಾಜಸ್ವದಿಂದ ತುಂಬಲಾಗುತ್ತಿತ್ತು. ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಮೊದಲಾದವರು ಈ ಹೊರೆಯನ್ನು ಕುರಿತು ಬರೆದದ್ದು ಪ್ರಸಿದ್ಧವಾಗಿದೆ. ಜೋಲಾರಪೇಟೆಯ ಮಾರ್ಗವಾಗಿ ೧೮೬೪ರಲ್ಲಿ ಬೆಂಗಳೂರಿಗೆ ಬಂದ ಹಳಿಯೂ ಇಂಥ ಭರವಸೆ ಪಡೆದ ಮದ್ರಾಸ್ ರೈಲ್ವೆ ಕಂಪೆನಿಯದೇ.

ಹಾಗಾದರೆ ಇಲ್ಲಿ ನಷ್ಟ ಯಾರದಾಯಿತು? ಲಂಡನ್ನಿನ ಪಾಲುದಾರನದಲ್ಲ, ಕಂಪೆನಿಯ ನಿರ್ದೇಶಕನದೂ ಅಲ್ಲ. ಆಟ ನಡೆಯುತ್ತಿದೆಯೆಂಬುದನ್ನೇ ಅರಿಯದೆ ತನ್ನ ಊರಿನಲ್ಲಿ ಕಂದಾಯ ಕಟ್ಟಿದ ರೈತನದು. ಅವನಿಗೆ ಮೇಜಿನಲ್ಲಿ ಸ್ಥಳವಿರಲಿಲ್ಲ, ಮಾರಿ ಪಾರಾಗಲು ಷೇರು ಇರಲಿಲ್ಲ, ಸೋತ ಮೇಲೆ ಎದ್ದು ಕೈಕುಲುಕಿ ಹೋಗುವ ಸೌಕರ್ಯವೂ ಇರಲಿಲ್ಲ. ಈರಿಯ ಅಧ್ಯಕ್ಷಪತ್ರ ನನ್ನ ಮುಂದೆ ಬಂದಾಗ ನನಗೆ ಕನಿಷ್ಠಪಕ್ಷ ಆಟದ ನಿಯಮಗಳು ತಿಳಿದಿದ್ದುವು. ಈ ಭಾರತೀಯ ಅನುಭವವನ್ನು ಹೊರಬಲ್ಲ ರೈಲ್ವೆ ಆಟವನ್ನು ಇನ್ನು ಯಾರಾದರೂ ರಚಿಸಬೇಕಾಗಿದೆ. ಮೇಜಿನಲ್ಲಿ ಇಲ್ಲದವನ ನಷ್ಟವನ್ನು ಮೇಜಿನಲ್ಲಿ ಇರುವವರಿಗೆ ಕಾಣುವಂತೆ ಮಾಡುವ ನಿಯಮ ಯಾವುದಾದೀತು? ಕೃತಿರಚನೆಯ ದೃಷ್ಟಿಯಿಂದ ಇದು ಕಠಿನವಾದ ಸಮಸ್ಯೆ, ಆದರೆ ಎದುರಿಸಲು ಯೋಗ್ಯವಾದ ಸಮಸ್ಯೆ.

೬

ಕೊರತೆಯನ್ನು ಹೇಳಿದ್ದರಿಂದ ‘೧೮೩೦’ರ ಬೆಲೆ ಕುಂದಿತೆಂದು ಯಾರೂ ತಿಳಿಯಬಾರದು. ಹಣದ ವ್ಯವಹಾರದಲ್ಲಿ ಪಾಪವೆಂಬುದು ಕೋರೆಹಲ್ಲು ಇಟ್ಟುಕೊಂಡು ಬರುವುದಿಲ್ಲ. ಸೌಜನ್ಯದಿಂದ, ನಿಯಮದ ಒಳಗೇ, ತಾಳ್ಮೆಯಿಂದ ನಿಯಮ ಕಲಿಸಿಕೊಟ್ಟವನ ಕೈಯಿಂದಲೇ ಬರುತ್ತದೆ. ಈ ಸತ್ಯವನ್ನು ಇಷ್ಟು ನೇರವಾಗಿ ಅನುಭವಕ್ಕೆ ತರುವ ಕೃತಿಗಳು ಹೆಚ್ಚಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಸಾಹಿತ್ಯದ ವಿದ್ಯಾರ್ಥಿಗಳೂ ಒಂದೇ ಮೇಜಿಗೆ ಕುಳಿತು ಇದನ್ನು ಆಡಿದರೆ ಇಬ್ಬರಿಗೂ ಲಾಭವುಂಟು.

ಆಟ ಮುಗಿದ ಮೇಲೆ ಎಡಗಡೆಯ ಗೃಹಸ್ಥರು ನನ್ನ ಕೈ ಹಿಡಿದು, ಮುಂದಿನ ಸಲ ಇನ್ನೊಬ್ಬರ ಕಂಪೆನಿಯಲ್ಲಿ ಎರಡನೆಯ ದೊಡ್ಡ ಪಾಲುದಾರನಾಗಿ ಕುಳಿತಿರಬೇಡಿ ಎಂದು ಹಿತವಚನ ಹೇಳಿದರು. ಆಟದ ಮಟ್ಟಿಗೆ ಅದು ಒಳ್ಳೆಯ ಬುದ್ಧಿವಾದ. ಬಿಲ್ಲೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ಪೆಟ್ಟಿಗೆಗೆ ತುಂಬುವಾಗ ಅವರಿಗೆ ನಾನೂ ನೆರವಾದೆ. ಪೆನ್ಸಿಲ್ವೇನಿಯದ ಬೊಕ್ಕಸದಿಂದ ನಾನು ತೆಗೆದುಕೊಂಡಿದ್ದ ಹೆಚ್ಚಿನ ೭೦ ಡಾಲರ್ ಯಾವ ಬಣ್ಣದ ಬಿಲ್ಲೆಗಳಲ್ಲಿ ಇತ್ತೋ ಆಗ ಗುರುತು ಸಿಕ್ಕಲಿಲ್ಲ.